ಹಿರಿಯ ಬಿಲ್ಲುಗಾರರನ್ನು ಏನು ಕೇಳಬೇಕು

ಅಮೆರಿಕದಲ್ಲಿ ಈಗ ಎಂಬತ್ತರ ಆಸುಪಾಸಿನಲ್ಲಿರುವ ಬಿಲ್ಲುಗಾರರು ಹಳೆಯ ಕಾಲವನ್ನು ನೆನೆಯಲು ಕುಳಿತರೆ ಬಾಯಿಗೆ ಬರುವ ಹೆಸರುಗಳು ಹೆಚ್ಚುಕಡಿಮೆ ಅವೇ: ಇಶಿ, ಸ್ಯಾಕ್ಸ್ಟನ್ ಪೋಪ್, ಆರ್ಟ್ ಯಂಗ್, ಹೋವರ್ಡ್ ಹಿಲ್, ಫ್ರೆಡ್ ಬೇರ್. ಇವರಲ್ಲಿ ಮೊದಲ ಮೂವರನ್ನು ಈ ಹಿರಿಯರು ಕಣ್ಣಾರೆ ಕಂಡಿರಲು ಸಾಧ್ಯವೇ ಇಲ್ಲ. ಇಶಿ ತೀರಿಕೊಂಡದ್ದು 1916ರಲ್ಲಿ, ಪೋಪ್ 1926ರಲ್ಲಿ, ಯಂಗ್ 1935ರಲ್ಲಿ. ಅಂದರೆ ನೆನಪು ಎಂದು ನಾವು ಕೇಳಿಸಿಕೊಳ್ಳುವುದರಲ್ಲಿ ದೊಡ್ಡ ಪಾಲು ಪುಸ್ತಕ, ಸಿನಿಮಾ, ಜಾಹೀರಾತುಗಳಿಂದ ಬಂದು ಬಾಲ್ಯದೊಳಗೆ ಬೆರೆತುಹೋದದ್ದು. ಇದರಿಂದ ಆ ನೆನಪುಗಳ ಬೆಲೆ ಕುಗ್ಗುವುದಿಲ್ಲ. ಆದರೆ ಅವುಗಳಲ್ಲಿ ಎರಡು ಬಗೆಗಳಿವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ವಾದ. ಯಾರು ಎಷ್ಟು ದೂರದಿಂದ ಏನನ್ನು ಹೊಡೆದರು ಎಂಬ ಸಾಹಸದ ನೆನಪು ಒಂದು. ಬಿಲ್ಲನ್ನು ಹೇಗೆ ಕೆತ್ತುತ್ತಿದ್ದರು, ಹೆದೆಯನ್ನು ಹೇಗೆ ಎಳೆಯುತ್ತಿದ್ದರು, ಬಾಣದ ಕಡ್ಡಿಯನ್ನು ಹೇಗೆ ಆರಿಸುತ್ತಿದ್ದರು ಎಂಬ ಕೈಕೆಲಸದ ನೆನಪು ಇನ್ನೊಂದು. ನೂರೈವತ್ತು ವರ್ಷಗಳ ಅಮೆರಿಕದ ಬಿಲ್ಲುಗಾರಿಕೆ ಮೊದಲನೆಯದನ್ನು ಜತನದಿಂದ ಕಾಪಾಡಿ, ಎರಡನೆಯದನ್ನು ಎರಡು ಸಲ ಕಳೆದುಕೊಳ್ಳುವ ಹಂತಕ್ಕೆ ಹೋಗಿಬಂದಿದೆ.

ಈ ಚರಿತ್ರೆಯ ಮೊದಲ ಘಟ್ಟದಲ್ಲಿ ದಂತಕಥೆಗೆ ಹೆಚ್ಚು ಜಾಗವಿರಲಿಲ್ಲ. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಪರವಾಗಿ ಹೋರಾಡಿದ್ದ ಮಾರಿಸ್ ಮತ್ತು ವಿಲ್ ಥಾಂಪ್ಸನ್ ಸಹೋದರರು ಯುದ್ಧದ ನಂತರ ಫ್ಲಾರಿಡಾದ ಕಾಡುಗಳಲ್ಲಿ ಬಿಲ್ಲು ಹಿಡಿದು ಅಲೆದರು. ಮಾರಿಸ್ 1878ರಲ್ಲಿ ಹೊರತಂದ ‘ದಿ ವಿಚರಿ ಆಫ್ ಆರ್ಚರಿ’ ಪುಸ್ತಕ ದೇಶದಲ್ಲಿ ಬಿಲ್ಲಿನ ಹುಚ್ಚು ಹಿಡಿಸಿತು. ಮರುವರ್ಷವೇ ರಾಷ್ಟ್ರೀಯ ಬಿಲ್ಲುಗಾರಿಕೆ ಸಂಘ ಹುಟ್ಟಿ, ಷಿಕಾಗೋದಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ಪುಸ್ತಕದಲ್ಲಿ ಕಾಡಿನ ಸೊಗಸು ಎಷ್ಟೇ ಇದ್ದರೂ ಸಂಘದ ಆಟ ಹುಲ್ಲುಹಾಸಿನ ಮೇಲಿನದು. ಇಷ್ಟು ಗಜ, ಇಷ್ಟು ಬಾಣ, ಇಷ್ಟು ಅಂಕ ಎಂದು ಎಲ್ಲವೂ ದಾಖಲಾಗುತ್ತಿತ್ತು. ಆ ದಾಖಲೆಗಳಲ್ಲಿ ಎದ್ದು ಕಾಣುವವರು ಓಹಾಯೋದ ಲೈಡಾ ಹೋವೆಲ್. 1883ರಿಂದ 1907ರ ನಡುವೆ ಆಕೆ 17 ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು, 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1895ರಲ್ಲಿ ಆಕೆ ಗಳಿಸಿದ ಅಂಕಗಳನ್ನು 1931ರವರೆಗೆ ಯಾವ ಮಹಿಳೆಯೂ ಮೀರಲಿಲ್ಲ. ಅಮೆರಿಕದ ಬಿಲ್ಲುಗಾರಿಕೆಯಲ್ಲಿ ಇಷ್ಟು ಗಟ್ಟಿಯಾದ ಲಿಖಿತ ಆಧಾರವಿರುವ ಸಾಧನೆ ಮತ್ತೊಂದು ಸಿಗುವುದು ಕಷ್ಟ. ಆದರೂ ದಂತಕಥೆಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ಆಕೆ ಕರಡಿಯನ್ನು ಹೊಡೆಯಲಿಲ್ಲ, ಸಿನಿಮಾದಲ್ಲಿ ಬರಲಿಲ್ಲ, ತನ್ನ ಹೆಸರಿನ ಬಿಲ್ಲನ್ನು ಮಾರಲಿಲ್ಲ. ಸಾಮೂಹಿಕ ನೆನಪು ಯಾರನ್ನು ಉಳಿಸಿಕೊಳ್ಳುತ್ತದೆ ಎಂಬುದಕ್ಕೂ ಯಾರು ಚೆನ್ನಾಗಿ ಗುರಿಯಿಡುತ್ತಿದ್ದರು ಎಂಬುದಕ್ಕೂ ನೇರ ಸಂಬಂಧವಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಘಟ್ಟ ಇಶಿಯಿಂದ ಶುರುವಾಗುತ್ತದೆ. 1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಬಳಿ ಕಾಣಿಸಿಕೊಂಡ ಇವರು, ಬಿಳಿಯರ ಹತ್ಯಾಕಾಂಡಗಳಲ್ಲಿ ನಾಶವಾದ ಯಾಹಿ ಜನರಲ್ಲಿ ಉಳಿದಿದ್ದ ಕೊನೆಯವರು. ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಇಶಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕರೆಸಿಕೊಂಡರು. ಪಕ್ಕದ ವೈದ್ಯಕೀಯ ಶಾಲೆಯ ಶಸ್ತ್ರವೈದ್ಯ ಸ್ಯಾಕ್ಸ್ಟನ್ ಪೋಪ್ ಇಶಿಯ ವೈದ್ಯರೂ ಆದರು, ಶಿಷ್ಯರೂ ಆದರು. 1918ರಲ್ಲಿ ಪೋಪ್ ಪ್ರಕಟಿಸಿದ ‘ಯಾಹಿ ಆರ್ಚರಿ’ ಇವತ್ತಿಗೂ ಓದಬೇಕಾದ ಬರಹ. ಜ್ಯೂನಿಪರ್ ಮರದ ಗಿಡ್ಡ ಬಿಲ್ಲು, ಅದರ ಬೆನ್ನಿಗೆ ಜಿಂಕೆಯ ಸ್ನಾಯುವಿನ ಎಳೆಗಳನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಅಂಟಿಸುವ ರೀತಿ, ಸಾಲ್ಮನ್ ಮೀನಿನ ಚರ್ಮ ಬೇಯಿಸಿ ತೆಗೆದ ಅಂಟು, ಎಲ್ಲವೂ ಅದರಲ್ಲಿದೆ. ಇಶಿ ಹೆದೆಯನ್ನು ಬಾಗಿಸಿದ ಹೆಬ್ಬೆರಳಿನಿಂದ ಎಳೆಯುತ್ತಿದ್ದರು, ನಡುಬೆರಳ ತುದಿಯನ್ನು ಹೆಬ್ಬೆರಳ ಉಗುರಿಗೆ ಒತ್ತಿ ಹಿಡಿಯುತ್ತಿದ್ದರು. ಏಷ್ಯಾದ ಬಿಲ್ಲುಗಾರರ ಪದ್ಧತಿಗೆ ಹತ್ತಿರವಾದ, ಅಮೆರಿಕ ಖಂಡದಲ್ಲಿ ಅಪರೂಪವಾದ ಹಿಡಿತ ಅದು. ಇಂಗ್ಲಿಷ್ ಪದ್ಧತಿಯ ದೂರದ ಗುರಿಹಲಗೆಯ ಮೇಲೆ ಇಶಿ ಅಸಾಧಾರಣರಾಗಿರಲಿಲ್ಲ, ಹತ್ತಿರದ ಸಣ್ಣ ಗುರಿ ಮತ್ತು ಬೇಟೆಯಲ್ಲಿ ಅವರ ಶಕ್ತಿಯಿತ್ತು ಎಂದು ಪೋಪ್ ಮುಚ್ಚುಮರೆಯಿಲ್ಲದೆ ಬರೆದರು. ಗುರುವನ್ನು ಅಷ್ಟು ಪ್ರೀತಿಸಿದ ಶಿಷ್ಯ ಗುರುವಿನ ಮಿತಿಯನ್ನೂ ಅಳೆದು ದಾಖಲಿಸಿದ್ದು ನನಗೆ ಈ ಇಡೀ ಚರಿತ್ರೆಯ ಅತ್ಯಂತ ಗೌರವದ ಕ್ಷಣವಾಗಿ ಕಾಣುತ್ತದೆ. ‘ಎಂದೂ ಗುರಿ ತಪ್ಪದ ಕೊನೆಯ ಕಾಡುಮನುಷ್ಯ’ ಎಂಬ ಚಿತ್ರ ಕಟ್ಟಿದ್ದು ಆಮೇಲಿನವರು. ಎಂಬತ್ತು ವರ್ಷಗಳ ಬಳಿಕ, 1990ರ ದಶಕದಲ್ಲಿ, ಬರ್ಕ್ಲಿಯ ಪುರಾತತ್ವಜ್ಞ ಸ್ಟೀವನ್ ಶ್ಯಾಕ್ಲಿ ಇಶಿ ಕೆತ್ತಿದ ಬಾಣದ ಮೊನೆಗಳನ್ನು ಪರಿಶೀಲಿಸಿ, ಅವು ಯಾಹಿ ನೆಲೆಗಳಲ್ಲಿ ಸಿಕ್ಕವುಗಳಿಗಿಂತ ನೆರೆಯ ವಿಂಟು, ನೊಮ್ಲಾಕಿ ಜನರ ಮೊನೆಗಳನ್ನು ಹೆಚ್ಚು ಹೋಲುತ್ತವೆ ಎಂದು ತೋರಿಸಿದರು. ಬಹುಶಃ ನೆರೆಯ ಆ ಜನರ ಬಂಧುವೊಬ್ಬರಿಂದ ಇಶಿ ಆ ಕೆಲಸ ಕಲಿತಿರಬೇಕು. ಇಶಿಯ ಬಾಯಿಂದ ಬಾರದ ಮಾತನ್ನು ಅವರ ಕೈಕೆಲಸ ಹೇಳಿತು.

ಅಳತೆಯೊಂದೇ ಸಾಕು, ನೆನಪೇ ಬೇಡ ಎಂದು ಇದರಿಂದ ತೀರ್ಮಾನಿಸುವವರಿಗೆ ಪೋಪ್ ಅವರ ಇನ್ನೊಂದು ಕೆಲಸವೇ ಉತ್ತರ. ವಸ್ತುಸಂಗ್ರಹಾಲಯಗಳಲ್ಲಿದ್ದ ನಾನಾ ದೇಶಗಳ ಬಿಲ್ಲುಗಳನ್ನೂ ಅವುಗಳ ಪ್ರತಿಗಳನ್ನೂ ಎಳೆದು, ಬಾಣ ಎಷ್ಟು ದೂರ ಹೋಗುತ್ತದೆಂದು ಅಳೆದು, ಅವರು 1923ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಟ್ಟೊಮನ್ ಬಿಲ್ಲುಗಾರರು 800, 900 ಗಜ ದೂರಕ್ಕೆ ಎಸೆಯುತ್ತಿದ್ದರೆಂಬ ಖ್ಯಾತಿಯ ಹತ್ತಿರಕ್ಕೂ ಅವರ ಪ್ರಯೋಗ ಹೋಗಲಿಲ್ಲ. ಅಲ್ಲಿಗೆ ತುರ್ಕರ ಕಥೆ ಸುಳ್ಳೆಂದು ನಿರ್ಧರಿಸಬಹುದಿತ್ತು. ಆದರೆ ಇಸ್ತಾಂಬುಲ್‌ನ ಓಕ್‌ಮೈದಾನಿ ಬಯಲಿನಲ್ಲಿ ದಾಖಲೆಯ ಬಾಣ ಬಿದ್ದ ಜಾಗದಲ್ಲಿ ನೆಟ್ಟ ಕಲ್ಲುಗಳಿದ್ದವು, 19ನೇ ಶತಮಾನದಲ್ಲಿ ಮುಸ್ತಫಾ ಕಾನಿ ಬರೆದಿಟ್ಟ ಬಿಲ್ವಿದ್ಯೆಯ ಗ್ರಂಥವಿತ್ತು. ಆ ಗ್ರಂಥದ ಜರ್ಮನ್ ಅನುವಾದವನ್ನು ಹಿಡಿದು ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ 1934ರಲ್ಲಿ ತುರ್ಕಿ ಬಿಲ್ಲಿನ ಬಗ್ಗೆ ಪುಸ್ತಕ ಬರೆದರು. ಕೊಂಬು, ಮರ, ಸ್ನಾಯುಗಳನ್ನು ಜೋಡಿಸುವ ಕ್ರಮ, ಅತಿ ಹಗುರವಾದ ಗಿಡ್ಡ ಬಾಣ, ಆ ಬಾಣವನ್ನು ಬಿಲ್ಲಿನ ಒಳಭಾಗದವರೆಗೂ ಎಳೆಯಲು ಮುಂಗೈಗೆ ಕಟ್ಟುವ ದೋಣಿಯಂಥ ಸಾಧನ, ಇವೆಲ್ಲ ಸೇರಿದಾಗ ಆ ದೂರ ಅಸಾಧ್ಯವಲ್ಲ ಎಂದು ತಿಳಿಯಿತು. ಪೋಪ್ ಅವರ ಅಳತೆಯಲ್ಲಿ ತಪ್ಪಿರಲಿಲ್ಲ. ಆ ಬಿಲ್ಲನ್ನು ಬಳಸುವ ಕ್ರಮ ಹೇಳಿಕೊಡಲು ಒಬ್ಬ ಹಳೆಯ ತುರ್ಕಿ ಬಿಲ್ಲುಗಾರ ಅವರ ಪಕ್ಕದಲ್ಲಿರಲಿಲ್ಲ, ಅಷ್ಟೇ. ಸಾಹಸದ ಕಥೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದಕ್ಕೂ ಮೊದಲು ಕೈಕೆಲಸದ ತಿಳಿವಳಿಕೆ ಬೇಕು.

ಮೂರನೆಯ ಘಟ್ಟವನ್ನು ಆಳಿದ್ದು ಸಿನಿಮಾ. ಪೋಪ್ ಅವರ ಬೇಟೆಯ ಜೊತೆಗಾರ ಆರ್ಟ್ ಯಂಗ್ ಅಲಾಸ್ಕಾದಲ್ಲಿ ಮಾಡಿದ ಚಿತ್ರವನ್ನು 1927ರಲ್ಲಿ ಡೆಟ್ರಾಯಿಟ್‌ನಲ್ಲಿ ನೋಡಿ ಬಿಲ್ಲಿನ ಹಾದಿ ಹಿಡಿದ ಯುವಕ ಫ್ರೆಡ್ ಬೇರ್. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಲ್ಲಿ ನಿಜವಾದ ಬಾಣಗಳನ್ನು ಬಿಟ್ಟವರು ಅಲಬಾಮಾದ ಹೋವರ್ಡ್ ಹಿಲ್. ಗುರಿಯಲ್ಲಿ ನಾಟಿದ ಬಾಣವನ್ನು ಇನ್ನೊಂದು ಬಾಣ ತುದಿಯಿಂದ ಮೊನೆಯವರೆಗೆ ಸೀಳುವ ದೃಶ್ಯವನ್ನು ಹಿಲ್ ನಿಜವಾಗಿಯೇ ಮಾಡಿದರೆಂದು ನಂಬುವವರು ಬಹಳ. ಮರದ ಬಾಣ ಹಾಗೆ ಸೀಳುವುದಿಲ್ಲ. ಮರದ ಎಳೆ ಕಡ್ಡಿಯ ಉದ್ದಕ್ಕೂ ನೆಟ್ಟಗೆ ಓಡುವುದು ತೀರ ಅಪರೂಪ, ಸೀಳು ಎಳೆಯನ್ನು ಹಿಡಿದು ಸ್ವಲ್ಪ ದೂರದಲ್ಲೇ ಪಕ್ಕಕ್ಕೆ ಹೊರಬೀಳುತ್ತದೆ. ‘ಮಿತ್ ಬಸ್ಟರ್ಸ್’ ಟಿವಿ ಕಾರ್ಯಕ್ರಮ ಇದನ್ನು ಪರೀಕ್ಷಿಸಿದಾಗಲೂ ಹಾಗೆಯೇ ಆಯಿತು. ಹಿಲ್ ಸತತ 196 ಸ್ಪರ್ಧೆಗಳನ್ನು ಗೆದ್ದರೆಂಬ ಸಂಖ್ಯೆಯೂ ಹೀಗೆಯೇ ಸಾವಿರ ಬಾಯಿ ದಾಟಿ ಬಂದಿದೆ. ಯಾವ ಊರಿನ ಸ್ಪರ್ಧೆ, ಎದುರಿಗೆ ಯಾರಿದ್ದರು ಎಂಬ ವಿವರ ಆ ಸಂಖ್ಯೆಯ ಜೊತೆ ಬರುವುದು ಅಪರೂಪ. ಆಫ್ರಿಕಾದಲ್ಲಿ ಬಾಣದಿಂದ ಆನೆ ಕೊಂದದ್ದನ್ನು ತೋರಿಸುವ ಅವರ 1952ರ ‘ಟೆಂಬೊ’ ಚಿತ್ರವನ್ನು ಆ ಕಾಲ ಪರಾಕ್ರಮವೆಂದು ನೋಡಿತು, ನಮಗೆ ಅದನ್ನು ಹಾಗೆ ನೋಡಲಾಗದು. ಇಷ್ಟೆಲ್ಲ ಹೇಳಿದ ಮೇಲೂ ಹಿಲ್ ಸಾಮಾನ್ಯರಲ್ಲ. ಬಿದಿರಿನ ಪದರಗಳನ್ನು ಅಂಟಿಸಿ ಅವರು ಮಾಡುತ್ತಿದ್ದ ನೀಳ ಬಿಲ್ಲನ್ನು, ಗುರಿಯನ್ನೂ ಬಾಣದ ಮೊನೆಯನ್ನೂ ಏಕಕಾಲಕ್ಕೆ ಕಣ್ಣಲ್ಲಿ ಹಿಡಿಯುವ ಅವರ ಪದ್ಧತಿಯನ್ನು ಇವತ್ತೂ ಜನ ಅನುಸರಿಸುತ್ತಿದ್ದಾರೆ. ಅವರ ನಿಜವಾದ ಆಸ್ತಿ ಇದು.

ದಂತಕಥೆ ಇಲ್ಲದಿದ್ದರೆ ಈ ವಿದ್ಯೆಗೆ ಯಾರು ಬರುತ್ತಿದ್ದರು ಎಂಬುದು ಗಟ್ಟಿಯಾದ ಆಕ್ಷೇಪ. ಬೇರ್ ಅವರ ಬದುಕೇ ಅದಕ್ಕೆ ಪುರಾವೆ. ಯಂಗ್ ಅವರ ಚಿತ್ರ ನೋಡದಿದ್ದರೆ ಅವರು ಬಹುಶಃ ಕಾರು ಉದ್ಯಮದಲ್ಲೇ ಉಳಿಯುತ್ತಿದ್ದರು, ಅವರ ಕಾರ್ಖಾನೆಯಿದ್ದ ಮಿಷಿಗನ್‌ನ ಗ್ರೇಲಿಂಗ್ ಊರು ಬಿಲ್ಲಿನ ಊರಾಗುತ್ತಿರಲಿಲ್ಲ. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಚಿತ್ರ ಬೇರ್ ಅವರನ್ನು ಬಾಗಿಲವರೆಗೆ ತಂದಿತು. ಒಳಗೆ ಬಂದ ಮೇಲೆ ಅವರು ಯಂಗ್ ಅವರೊಂದಿಗೆ ಒಡನಾಡಿ, ಬಿಲ್ಲು ಮಾಡುವುದನ್ನು ಕೈಯಾರೆ ಕಲಿತರು. 1950ರ ದಶಕದಲ್ಲಿ ಬೇರ್ ಕಾರ್ಖಾನೆಯ ಫೈಬರ್‌ಗ್ಲಾಸ್ ಪದರದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲುಗಳೂ ಆರ್ಕನ್ಸಾದ ಪೈನ್ ಬ್ಲಫ್‌ನಲ್ಲಿ ಬೆನ್ ಪಿಯರ್ಸನ್ ರಾಶಿರಾಶಿಯಾಗಿ ತಯಾರಿಸಿದ ಅಗ್ಗದ ಬಿಲ್ಲುಗಳೂ ದೇಶದ ಮೂಲೆಮೂಲೆಗೆ ಹೋದವು. ಇಂದಿನ ಹಿರಿಯರ ಸ್ವಂತ ನೆನಪು ಶುರುವಾಗುವುದು ಇಲ್ಲಿಂದ. ಬಿಲ್ಲನ್ನು ಅಂಗಡಿಯಿಂದ ತರಬಹುದಾದಾಗ ಅದನ್ನು ಕೆತ್ತುವವರು ಕಡಿಮೆಯಾದರು, ಕೈವಿದ್ಯೆಗೆ ಮೊದಲ ಪೆಟ್ಟು ಬಿದ್ದದ್ದು ಹೀಗೆ. ಎರಡನೆಯದು ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಅವರಿಂದ. ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಅವರು 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದರು. ಹೆದೆಯನ್ನು ಪೂರ್ತಿ ಎಳೆದಾಗ ಭಾರ ಇಳಿಯುವುದರಿಂದ ಗುರಿ ಹಿಡಿದು ನಿಲ್ಲುವುದು ಸುಲಭ. ಹತ್ತಾರು ವರ್ಷಗಳಲ್ಲಿ ಬೇಟೆಗಾರರಲ್ಲಿ ಬಹುಪಾಲು ಅತ್ತ ವಾಲಿದರು. ಅಲ್ಲಿಯವರೆಗೆ ಬರೀ ಬಿಲ್ಲುಗಾರಿಕೆ ಆಗಿದ್ದದ್ದು ಸಾಂಪ್ರದಾಯಿಕ ಎನಿಸಿಕೊಂಡು ಪ್ರತ್ಯೇಕವಾದದ್ದು ಆಗ. ಹಿಲ್, ಬೇರ್ ಅವರ ಕಾಲ ಚಿನ್ನದ ಯುಗವಾಗಿ ಕಂಡದ್ದೂ ಈ ಅಗಲಿಕೆಯ ನಂತರವೇ.

ಹೀಗೆ ಪ್ರತ್ಯೇಕವಾದ ಸಾಂಪ್ರದಾಯಿಕ ವಿದ್ಯೆ ಮತ್ತೆ ಚಿಗುರಿತು: ‘ಟ್ರೆಡಿಷನಲ್ ಬೋಹಂಟರ್’ ಪತ್ರಿಕೆ 1989ರಲ್ಲಿ, ಬಿಲ್ಲು ತಯಾರಿಕೆಯ ಕೈಪಿಡಿ ‘ದಿ ಟ್ರೆಡಿಷನಲ್ ಬೋಯರ್ಸ್ ಬೈಬಲ್’ ಮೊದಲ ಸಂಪುಟ 1992ರಲ್ಲಿ ಬಂದವು. ಮರುಹುಟ್ಟಿನ ಈ ಘಟ್ಟ ನನ್ನ ವಾದಕ್ಕೆ ಅತ್ಯಂತ ಕಠಿಣವಾದ ಪ್ರಶ್ನೆಯನ್ನೂ ಎತ್ತುತ್ತದೆ. ಕೈಕೆಲಸದ ನೆನಪೇನು ದೋಷವಿಲ್ಲದ್ದೇ? ಯೂ ಅಥವಾ ಓಸೇಜ್ ಆರೆಂಜ್ ಮರ ಬಿಟ್ಟರೆ ಒಳ್ಳೆಯ ಬಿಲ್ಲಿಲ್ಲ ಎಂಬುದು ಹಿರಿಯರ ದೃಢ ನಂಬಿಕೆಯಾಗಿತ್ತು. ಈ ಘಟ್ಟದ ಬಿಲ್ಲು ತಯಾರಕರಾದ ಟಿಮ್ ಬೇಕರ್, ಪಾಲ್ ಕಾಮ್‌ಸ್ಟಾಕ್ ಮುಂತಾದವರು ಹಿಕರಿ, ಆ್ಯಷ್, ಎಲ್ಮ್‌ನಂಥ ಸಾಮಾನ್ಯ ಮರಗಳನ್ನು ತೆಗೆದುಕೊಂಡು, ಬಿಲ್ಲಿನ ತೋಳುಗಳನ್ನು ಇನ್ನಷ್ಟು ಅಗಲವಾಗಿ ಇಟ್ಟರೆ ಅವೂ ಅಷ್ಟೇ ಚೆನ್ನಾಗಿ ಎಸೆಯುತ್ತವೆ ಎಂದು ಮಾಡಿ ತೋರಿಸಿದರು. ಹಿರಿಯರ ಮಾತು ತಪ್ಪಾಗಿತ್ತು, ನಿಜ. ಆದರೆ ತಪ್ಪು ಎಂದು ತಿಳಿಯಲು ಒಂದು ಮರದ ತುಂಡು, ಒಂದು ಕೆರೆಯುವ ಅಲಗು, ಕೆಲವು ದಿನಗಳ ಕೆಲಸ ಸಾಕಾಯಿತು. ಕೈಕೆಲಸದ ಮಾತನ್ನು ಮತ್ತೆ ಮಾಡಿ ನೋಡಬಹುದು, 1940ರ ಯಾವುದೋ ಮಧ್ಯಾಹ್ನ ಹಿಲ್ ಹೊಡೆದರೆನ್ನುವ ಗುರಿಯನ್ನು ಮತ್ತೆ ಮಾಡಿ ನೋಡಲಾಗದು. ತಪ್ಪಿದ್ದರೂ ಉಪಯೋಗಕ್ಕೆ ಬರುವ ನೆನಪು ಕೈಕೆಲಸದ್ದೇ. ತಾವು ಒಪ್ಪದ ಹಿರಿಯರಿಂದಲೇ ಈ ಹೊಸಬರು ಬಹಳಷ್ಟನ್ನು ಪಡೆದರು: ಬಿಲ್ಲಿನ ಬೆನ್ನಿನಲ್ಲಿ ಮರದ ಒಂದೇ ವರ್ಷದ ಉಂಗುರ ತುದಿಯಿಂದ ತುದಿಗೆ ತುಂಡಾಗದೆ ಇರಬೇಕು, ಎರಡು ತೋಳೂ ಸಮನಾಗಿ ಬಾಗುವವರೆಗೆ ಬಿಲ್ಲುಗಾರನತ್ತ ಇರುವ ಹೊಟ್ಟೆಯ ಕಡೆಯಿಂದ ಮಾತ್ರ ಕೆರೆಯಬೇಕು, ಒಂದೊಂದು ಸಲ ಕೆರೆದ ಮೇಲೂ ಹತ್ತಾರು ಬಾರಿ ಎಳೆದು ನೋಡಬೇಕು.

ಹಾಗಾಗಿ ಇಂದು ಹಿರಿಯ ಬಿಲ್ಲುಗಾರರ ಮುಂದೆ ರೆಕಾರ್ಡರ್ ಇಡುವವರು, ಹಿಲ್ ಅವರನ್ನು ಕಂಡಿದ್ದಿರಾ ಎಂದು ಕೇಳಲಿ, ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಬಾಣದ ಬಗ್ಗೆ ಕೇಳಲಿ. ಆ ತಲೆಮಾರಿನ ಬಾಣದ ಕಡ್ಡಿ ಹೆಚ್ಚಾಗಿ ಆರೆಗಾನ್ ಕರಾವಳಿಯ ಪೋರ್ಟ್ ಆರ್‌ಫರ್ಡ್ ಸೀಡರ್ ಮರದ್ದು. ಹಗುರ, ನೆಟ್ಟಗಿನ ಎಳೆ, ಮುರಿದರೆ ಘಾಟು ವಾಸನೆ. ಕಡ್ಡಿಯನ್ನು ಎರಡು ಕೈಯಲ್ಲಿ ಬಾಗಿಸಿ ನೋಡಿ ಇದು ಎಷ್ಟು ಭಾರದ ಬಿಲ್ಲಿಗೆ ಹೊಂದುತ್ತದೆಂದು ಹೇಳುವುದು, ಡೊಂಕಾದದ್ದನ್ನು ಬಿಸಿ ತೋರಿಸಿ ಅಂಗೈಯಲ್ಲಿ ಒತ್ತಿ ನೇರ ಮಾಡುವುದು, ಒಂದು ಬಾಣಕ್ಕೆ ಒಂದೇ ಪಕ್ಕದ ರೆಕ್ಕೆಯ ಗರಿಗಳನ್ನೇ ಹೊಂದಿಸುವುದು ಅವರಿಗೆ ಕೈಬಂದ ಕೆಲಸ. ಬೇರಿಗೆ ತಗಲುವ ರೋಗ ಆ ಮರವನ್ನು ದಶಕಗಳಿಂದ ಕೊಲ್ಲುತ್ತಿದೆ, ಒತ್ತಾದ ಉಂಗುರಗಳ ಹಳೆಯ ಮರ ಈಗ ಸುಲಭವಾಗಿ ಸಿಗುವುದಿಲ್ಲ, ಅಲ್ಯೂಮಿನಿಯಂ, ಕಾರ್ಬನ್ ಬಾಣಗಳು ಅದರ ಜಾಗ ಹಿಡಿದಿವೆ. ಆ ಹಳೆಯ ಮರದ ಕಡ್ಡಿಯನ್ನು ಆರಿಸಿ, ಬಾಗಿಸಿ, ತಿದ್ದಿ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.