ನಿಂತ ಗಾಡಿಯ ಸುಪರ್ದು: ಒಂದು ಕಾನೂನಿನ ಚರಿತ್ರೆ

ಬ್ರಿಟಿಷ್ ಸಂಸತ್ತು 1872ರಲ್ಲಿ ಅಂಗೀಕರಿಸಿದ ಲೈಸೆನ್ಸಿಂಗ್ ಕಾಯ್ದೆ ಮುಖ್ಯವಾಗಿ ಮದ್ಯದಂಗಡಿಗಳ ಪರವಾನಗಿಯನ್ನೂ ವಹಿವಾಟಿನ ವೇಳೆಯನ್ನೂ ನಿಯಂತ್ರಿಸಲು ಬಂದದ್ದಾದರೂ, ಮುಂದಿನ ಒಂದೂವರೆ ಶತಮಾನದ ರಸ್ತೆ ಕಾನೂನಿಗೆ ಬೀಜವಾದದ್ದು ಅದರ ಹನ್ನೆರಡನೆಯ ಕಲಮು. ಸಾರ್ವಜನಿಕ ರಸ್ತೆಯಲ್ಲಿ ಗಾಡಿ, ಕುದುರೆ, ದನ ಅಥವಾ ಉಗಿಯಂತ್ರ ಯಾರ ಸುಪರ್ದಿನಲ್ಲಿದೆಯೋ ಅವನು ಕುಡಿದ ಅಮಲಿನಲ್ಲಿ ಸಿಕ್ಕಿಬಿದ್ದರೆ 40 ಷಿಲಿಂಗ್‌ವರೆಗೆ ದಂಡವನ್ನೋ ಒಂದು ತಿಂಗಳವರೆಗೆ ಕಾರಾಗೃಹವಾಸವನ್ನೋ ವಿಧಿಸಬಹುದೆಂದು ಅದು ಹೇಳಿತು. ಗುಂಡು ತುಂಬಿದ ಬಂದೂಕನ್ನು ಇಟ್ಟುಕೊಂಡ ಕುಡುಕನನ್ನೂ ಅದೇ ಶಿಕ್ಷೆಗೆ ಗುರಿಪಡಿಸಿತು. ಇಲ್ಲಿ ಓಡಿಸಬೇಕೆಂಬ ಷರತ್ತೇ ಇರಲಿಲ್ಲ. ಸುಪರ್ದು ಎಂದರೆ ಪ್ರಾಣಿಯನ್ನೋ ಯಂತ್ರವನ್ನೋ ಹಿಡಿತದಲ್ಲಿ ಇಟ್ಟುಕೊಳ್ಳುವ ಹೊಣೆ; ಆ ಹೊಣೆ ಹೊತ್ತವನು ಮತ್ತನಾಗಿದ್ದರೆ ಅಷ್ಟಕ್ಕೇ ಅಪರಾಧ ಪೂರ್ಣವಾಗುತ್ತಿತ್ತು.

ಆ ಕಾಲದ ರಸ್ತೆಗೆ ಈ ನಿಯಮ ಚೆನ್ನಾಗಿಯೇ ಒಪ್ಪುತ್ತಿತ್ತು. ಸಂತೆಯಿಂದ ರಾತ್ರಿ ಮರಳುವಾಗ ಗಾಡಿ ಹೊಡೆಯುವವನು ನಿದ್ದೆಹೋದರೂ ಎತ್ತುಗಳು ತಮ್ಮ ಪಾಡಿಗೆ ಊರಿನ ದಾರಿ ಹಿಡಿಯುವುದನ್ನು ಕನ್ನಡ ನಾಡಿನ ಹಳ್ಳಿಗರು ಬಲ್ಲರು. ಹಾಗೆಯೇ ಲಂಡನ್ನಿನ ಬೀದಿಯ ಕುದುರೆಯೂ ಹಿಡಿದವನ ಅಪ್ಪಣೆಗೆ ಕಾಯದೆ ಹೊರಡಬಲ್ಲದು, ಬೆಚ್ಚಿ ಓಡಿ ಜನರ ಮೇಲೆ ಹಾಯಬಲ್ಲದು. ಉಗಿಯಂತ್ರ ನಿಂತಿದ್ದಾಗಲೂ ಅದರ ಬಾಯ್ಲರಿನ ನೀರಿನ ಮಟ್ಟವನ್ನೂ ಒತ್ತಡವನ್ನೂ ನೋಡಿಕೊಳ್ಳಲು ಎಚ್ಚರದ ಮನುಷ್ಯನೊಬ್ಬ ಬೇಕಾಗಿತ್ತು. ಆದ್ದರಿಂದ ನಿಂತ ಗಾಡಿಗೂ ಚಲಿಸುವ ಗಾಡಿಗೂ ಕಾನೂನು ಭೇದ ಎಣಿಸದಿದ್ದುದು ಅವಿವೇಕವಾಗಿರಲಿಲ್ಲ.

ತೊಡಕು ಹುಟ್ಟಿದ್ದು ಮೋಟಾರು ಬಂದ ಮೇಲೆ. 1897ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ವಿದ್ಯುತ್ ಟ್ಯಾಕ್ಸಿಯೊಂದನ್ನು ಕಟ್ಟಡಕ್ಕೆ ಗುದ್ದಿದ ಚಾಲಕನಿಗೆ ಕುಡಿತದ ಕಾರಣದಿಂದ ದಂಡ ಬಿದ್ದಾಗ ಮೋಟಾರು ವಾಹನಗಳಿಗೆಂದೇ ರೂಪಿಸಿದ ಪಾನನಿಯಮ ಇನ್ನೂ ಹುಟ್ಟಿರಲಿಲ್ಲ. 1925ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಯಂತ್ರಚಾಲಿತ ವಾಹನಗಳಿಗೆ ಪ್ರತ್ಯೇಕ ವಿಧಿಯನ್ನು ತಂದಿತಾದರೂ ಹಳೆಯ ಸುಪರ್ದಿನ ಕಲ್ಪನೆಯನ್ನು ಇದ್ದ ಹಾಗೆಯೇ ಎತ್ತಿಕೊಂಡಿತು. 1930ರ ರಸ್ತೆ ಸಂಚಾರ ಕಾಯ್ದೆಯು ವಾಹನವನ್ನು ಓಡಿಸುವವನು, ಓಡಿಸಲು ಯತ್ನಿಸುವವನು, ಸುಪರ್ದಿನಲ್ಲಿ ಇಟ್ಟುಕೊಂಡವನು ಎಂಬ ಮೂವರನ್ನೂ ಒಂದೇ ಕಲಮಿನಲ್ಲಿ ಸೇರಿಸಿತು. ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಅಮಲು ಇದ್ದರೆ ಮೂವರೂ ತಪ್ಪಿತಸ್ಥರು, ವಿಶೇಷ ಕಾರಣವಿಲ್ಲದಿದ್ದರೆ ಮೂವರೂ ಹನ್ನೆರಡು ತಿಂಗಳ ಕಾಲ ವಾಹನ ಓಡಿಸಲು ಅನರ್ಹರು. ಎಂಜಿನ್ ಆರಿಸಿ ಬ್ರೇಕ್ ಹಾಕಿದ ಕಾರು ಕುದುರೆಯಂತೆ ತಾನಾಗಿ ಹೊರಡುವುದಿಲ್ಲ, ಮನುಷ್ಯ ಮನಸ್ಸು ಮಾಡಿದರೆ ಮಾತ್ರ ಹೊರಡುತ್ತದೆ ಎಂಬ ಮೂಲಭೂತ ವ್ಯತ್ಯಾಸಕ್ಕೆ ಕಾಯ್ದೆಯ ಮಾತುಗಳಲ್ಲಿ ಸ್ಥಾನ ಸಿಗಲಿಲ್ಲ. ಈ ಕಾನೂನಿನ ಚರಿತ್ರೆಯಲ್ಲಿ ಅತ್ಯಂತ ದುಬಾರಿಯಾದ ಅಲಕ್ಷ್ಯ ಇದೇ, ಏಕೆಂದರೆ ಕುಡಿದ ಮೇಲೆ ಓಡಿಸಬಾರದೆಂದು ನಿರ್ಧರಿಸಿ ಹಿಂದಿನ ಸೀಟಿನಲ್ಲಿ ಮಲಗಿದವನೂ ಅಮಲಿನಲ್ಲೇ ಹೆದ್ದಾರಿಗಿಳಿದವನೂ ಒಂದೇ ಕಲಮಿನ ಕೆಳಗೆ ನಿಲ್ಲುವಂತಾಯಿತು.

ನ್ಯಾಯಾಲಯಗಳಿಗೂ ಇದು ಇಕ್ಕಟ್ಟು ತಂದಿತು. 1951ರಲ್ಲಿ ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯವು, ತನ್ನನ್ನು ಮನೆಗೆ ಕರೆದೊಯ್ಯಲು ಬೇರೊಬ್ಬನನ್ನು ಗೊತ್ತುಮಾಡಿ ಕೀ ಹಿಡಿದು ಕಾರಿನ ಪಕ್ಕದಲ್ಲಿ ನಿಂತಿದ್ದ ಮಾಲೀಕನನ್ನು ಖುಲಾಸೆ ಮಾಡಿತು. ಎರಡೇ ವರ್ಷಗಳ ನಂತರ, 1953ರಲ್ಲಿ, ಗೆಳೆಯರು ಮನೆಗೆ ತಲುಪಿಸುವ ಏರ್ಪಾಡು ಮಾಡುತ್ತಿದ್ದಾಗ ತನ್ನ ಮೋಟಾರ್ ಸೈಕಲ್ಲಿನ ಬಳಿ ಸಿಕ್ಕಿದ ವ್ಯಕ್ತಿಯ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಪೀಠ ತದ್ವಿರುದ್ಧ ನಿಲುವು ತಳೆಯಿತು: ವಾಹನವನ್ನು ಇನ್ನೊಬ್ಬರ ವಶಕ್ಕೆ ನಿಜವಾಗಿ ಒಪ್ಪಿಸುವ ತನಕ ಅದು ಅವನದೇ ಸುಪರ್ದು. ಕಾನೂನಿನ ಅಕ್ಷರಕ್ಕೆ ಎರಡನೆಯ ತೀರ್ಪು ಹತ್ತಿರವಿರಬಹುದು, ಆದರೆ ರಸ್ತೆಯ ಸುರಕ್ಷತೆಗೆ ಹತ್ತಿರವಿರುವುದು ಮೊದಲನೆಯದು. 1956ರಲ್ಲಿ ಸಂಸತ್ತೇ ಮಧ್ಯೆ ಬಂದು, ಅಮಲು ಇಳಿಯುವ ತನಕ ತಾನು ಓಡಿಸುವ ಸಂಭವವೇ ಇರಲಿಲ್ಲವೆಂದೂ ಅಮಲೇರಿದ ಮೇಲೆ ರಸ್ತೆಯಲ್ಲಿ ಓಡಿಸಿಲ್ಲವೆಂದೂ ರುಜುವಾತು ಮಾಡಿದವನು ವಾಹನದ ಸುಪರ್ದು ಹೊಂದಿರಲಿಲ್ಲವೆಂದೇ ಭಾವಿಸತಕ್ಕದ್ದು ಎಂಬ ವಿನಾಯಿತಿಯನ್ನು ಸೇರಿಸಿತು. ಎಂಬತ್ತನಾಲ್ಕು ವರ್ಷಗಳ ಬಳಿಕ ಕಾನೂನು ಮೊದಲ ಬಾರಿಗೆ ಮನುಷ್ಯನ ಉದ್ದೇಶವನ್ನು ಕೇಳಿತು.

ಬಾರ್ಬರಾ ಕ್ಯಾಸಲ್ ಸಾರಿಗೆ ಸಚಿವೆಯಾಗಿದ್ದಾಗ ಬಂದ 1967ರ ರಸ್ತೆ ಸುರಕ್ಷತಾ ಕಾಯ್ದೆ ಈ ಪ್ರಶ್ನೆಗೆ ಹೊಸ ರೂಪ ಕೊಟ್ಟಿತು. ಅಲ್ಲಿಯವರೆಗೆ ಅಮಲನ್ನು ನಡಿಗೆ, ಮಾತು, ವೈದ್ಯರ ಅಭಿಪ್ರಾಯಗಳಿಂದ ಅಳೆಯಲಾಗುತ್ತಿತ್ತು. ಈಗ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಎಂಬ ಗೆರೆಯನ್ನು ಎಳೆದು, ಅದೇ ವರ್ಷದ ಅಕ್ಟೋಬರಿನಿಂದ ಉಸಿರಿನ ಪರೀಕ್ಷೆಯನ್ನು ಜಾರಿಗೆ ತರಲಾಯಿತು. ಗೆರೆ ಬಂದೊಡನೆ ನಿದ್ರಿಸುವವನ ಸಮಸ್ಯೆ ಲೆಕ್ಕದ ಸಮಸ್ಯೆಯೂ ಆಯಿತು. ದೇಹವು ಸುಮಾರಾಗಿ ಗಂಟೆಗೆ 15 ಮಿಲಿಗ್ರಾಂನಂತೆ ಆಲ್ಕೋಹಾಲನ್ನು ಕರಗಿಸುತ್ತದೆಂದು ಹಿಡಿದರೆ, ನಡುರಾತ್ರಿ 150 ಮಿಲಿಗ್ರಾಂ ಇದ್ದವನು 80ಕ್ಕಿಂತ ಕೆಳಗಿಳಿಯಲು ಹತ್ತಿರ ಹತ್ತಿರ ಐದು ಗಂಟೆ ಬೇಕು. ಮೂರು ಗಂಟೆಗೇ ಎಚ್ಚರವಾಗಿ ತಲೆ ಹಗುರವಾಯಿತೆಂದುಕೊಂಡು ಕೀ ತಿರುಗಿಸಿದರೆ ಅವನು ನಿಜವಾಗಿಯೂ ಅಪಾಯಕಾರಿ. ಸುಪರ್ದಿನ ಕಾನೂನನ್ನು ಸಮರ್ಥಿಸುವವರ ಅತ್ಯಂತ ಗಟ್ಟಿಯಾದ ವಾದ ಇದು, ಇದನ್ನು ತಳ್ಳಿಹಾಕುವಂತಿಲ್ಲ.

ಇಂಗ್ಲೆಂಡ್ ಈ ವಾದಕ್ಕೆ ಅರ್ಧ ಮಣಿಯಿತು. ಈಗ ಜಾರಿಯಲ್ಲಿರುವ 1988ರ ಕಾಯ್ದೆಯಲ್ಲಿ ಸುಪರ್ದಿನ ಅಪರಾಧಕ್ಕೆ ಗರಿಷ್ಠ ಮೂರು ತಿಂಗಳ ಸೆರೆ, ಓಡಿಸಿದ ಅಪರಾಧಕ್ಕೆ ಆರು ತಿಂಗಳು. ಪರವಾನಗಿ ರದ್ದತಿ ಎರಡನೆಯದಕ್ಕೆ ಕಡ್ಡಾಯ, ಮೊದಲನೆಯದಕ್ಕೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಓಡಿಸುವ ಸಂಭವ ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಆರೋಪಿಯ ಮೇಲೆ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ತನ್ನ ಉದ್ದೇಶವನ್ನು ಬಲ್ಲವನು ಆರೋಪಿಯೇ ಆದ್ದರಿಂದ ಆ ಹೊರೆ ಅನ್ಯಾಯವಲ್ಲವೆಂದು 2004ರಲ್ಲಿ ಅದು ತೀರ್ಮಾನಿಸಿತು.

ಅಟ್ಲಾಂಟಿಕ್ಕಿನ ಆಚೆ ಹಾದಿಗಳು ಕವಲೊಡೆದವು. ಅಮೆರಿಕದ ಅನೇಕ ರಾಜ್ಯಗಳ ಕಾಯ್ದೆಗಳು ವಾಹನದ ಮೇಲಿನ 'ವಾಸ್ತವಿಕ ಭೌತಿಕ ಹತೋಟಿ'ಯನ್ನೇ ಅಪರಾಧವಾಗಿಸಿದವು. ದಾರಿಯ ಅಂಚಿಗೆ ಸರಿದು ಎಂಜಿನ್ ಆರಿಸಿದವನನ್ನು ಶಿಕ್ಷಿಸಿದರೆ ಕುಡಿದವರು ಗಾಡಿ ನಿಲ್ಲಿಸುವುದನ್ನೇ ಬಿಡುತ್ತಾರೆಂದು 1983ರಲ್ಲಿ ಅರಿಝೋನಾದ ಸರ್ವೋಚ್ಚ ನ್ಯಾಯಾಲಯ ಎಚ್ಚರಿಸಿತು. 1993ರಲ್ಲಿ ಮೇರಿಲ್ಯಾಂಡಿನ ನ್ಯಾಯಾಲಯವೂ ಕಾರನ್ನು ಬರಿಯ ಆಶ್ರಯವಾಗಿ ಬಳಸಿದವನನ್ನು ದೋಷಮುಕ್ತಗೊಳಿಸಿತು. ಆದರೆ 2010ರಲ್ಲಿ ಮಿನೆಸೋಟಾದ ಸರ್ವೋಚ್ಚ ನ್ಯಾಯಾಲಯ, ತನ್ನ ವಸತಿ ಸಮುಚ್ಚಯದ ಆವರಣದಲ್ಲೇ ನಿಂತಿದ್ದ ಕಾರಿನಲ್ಲಿ ಮಲಗಿದ್ದವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಕಾರು ಆಮೇಲೆ ಪರೀಕ್ಷಿಸಿದಾಗ ಚಾಲೂ ಆಗಲೇ ಇಲ್ಲ. ಎರಡು ವರ್ಷಗಳ ತರುವಾಯ ಕೆನಡಾದ ಸರ್ವೋಚ್ಚ ನ್ಯಾಯಾಲಯ, ಚಳಿಗಾಲದಲ್ಲಿ ಬಾಡಿಗೆ ವಾಹನಕ್ಕಾಗಿ ಕಾಯುತ್ತ ಬೆಚ್ಚಗಿರಲೆಂದು ಟ್ರಕ್ಕಿನ ಎಂಜಿನ್ ಹಚ್ಚಿಕೊಂಡು ನಿದ್ದೆಹೋದವನನ್ನು ಬಿಡುಗಡೆ ಮಾಡಿ, ನೈಜವಾದ ಅಪಾಯ ಇತ್ತೇ ಎಂಬುದೇ ನಿರ್ಣಾಯಕವೆಂದಿತು.

ಭಾರತದ ಕಾನೂನು ಬ್ರಿಟಿಷ್ ಮಾದರಿಯ ನೆರಳಿನಲ್ಲಿ ಬೆಳೆದರೂ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿಯಿತು. 1939ರ ಮೋಟಾರು ವಾಹನ ಕಾಯ್ದೆಯ 117ನೆಯ ಕಲಮಿನಲ್ಲೂ, ಈಗಿನ 1988ರ ಕಾಯ್ದೆಯ 185ನೆಯ ಕಲಮಿನಲ್ಲೂ ಹೆಸರಿಸಿರುವುದು ಓಡಿಸುವವನನ್ನು ಮತ್ತು ಓಡಿಸಲು ಯತ್ನಿಸುವವನನ್ನು ಮಾತ್ರ. ಸುಪರ್ದಿನ ಕಲ್ಪನೆ ನಮ್ಮ ಶಾಸಕರಿಗೆ ಅಪರಿಚಿತವಾಗಿರಲಿಲ್ಲ. ನಿಲ್ಲಿಸಿದ ವಾಹನದ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕೆಂಬ 126ನೆಯ ಕಲಮಿನಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಬೆಂಗಳೂರಿನ ರಸ್ತೆಯಲ್ಲಿ ರಾತ್ರಿ ಗಾಡಿ ತಡೆದು ಊದಿಸುವ ಪೊಲೀಸರಿಗೆ ಅಧಿಕಾರ ಕೊಡುವ 203ನೆಯ ಕಲಮು ಕೂಡ ಇದೇ ಇಬ್ಬರನ್ನು ಕುರಿತದ್ದು. ಇಲ್ಲಿ ಗೆರೆ ಇನ್ನೂ ಬಿಗಿ, 30 ಮಿಲಿಗ್ರಾಂ. 2019ರ ತಿದ್ದುಪಡಿಯ ಬಳಿಕ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ. ಮೇಲಿನ ಲೆಕ್ಕದ ಮನುಷ್ಯ ಈ ಗೆರೆಯೊಳಗೆ ಬರಲು ಎಂಟು ಗಂಟೆ ಕಾಯಬೇಕು. ಅಷ್ಟು ಹೊತ್ತು ಕಾರಿನಲ್ಲೇ ಮಲಗಿರಲು ಮನಸ್ಸು ಮಾಡಿದವನನ್ನು 185ನೆಯ ಕಲಮು ಮುಟ್ಟುವುದಿಲ್ಲ; ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮಿಗೂ ಅಮಲು ಒಂದೇ ಸಾಲದು, ಸಾರ್ವಜನಿಕ ಸ್ಥಳದಲ್ಲಿ ಇನ್ನೊಬ್ಬರಿಗೆ ಕಿರುಕುಳವಾಗುವಂಥ ನಡವಳಿಕೆಯೂ ಬೇಕು. ಇದನ್ನು ಕಾನೂನಿನ ಲೋಪವೆಂದು ಬಗೆದು ಸುಪರ್ದಿನ ಮಾತನ್ನು 185ನೆಯ ಕಲಮಿಗೆ ಸೇರಿಸಬೇಕೆನ್ನುವವರು, ಇಂಗ್ಲೆಂಡ್ 1930ರಲ್ಲಿ ಹಾಕಿಕೊಂಡ ಗಂಟನ್ನು ಬಿಚ್ಚಲು 1956ರವರೆಗೆ ಕಾಯಬೇಕಾಯಿತೆಂಬುದನ್ನೂ ಈ ನಡುವಿನ ವರ್ಷಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಓಡಿಸದಿರಲು ನಿರ್ಧರಿಸಿದವರೂ ಇದ್ದರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.