ಕಾಗದ ಸುಳ್ಳು ಹೇಳಿದಾಗ ಗೋಣಿ ಬಟ್ಟೆ ಮಾತಾಡಿತು

ಹಳೇ ಸೀರೆ, ಲುಂಗಿ, ಅಂಗಿಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಯಾವತ್ತಾದರೂ ಗಮನವಿಟ್ಟು ನೋಡಿದ್ದೀರಾ? ಹೊರಗಿನವರಿಗೆ ಅದು ಒಂದು ಹೊದಿಕೆ, ಅಷ್ಟೇ. ಮನೆಯವರು ಮಾತ್ರ ಇದು ಅಜ್ಜಿಯ ಇಳಕಲ್ ಸೀರೆ, ಇದು ಸೋದರಮಾವನ ಶರ್ಟು, ಇದು ಅಕ್ಕನ ಲಂಗ ಅಂತ ತುಂಡು ತುಂಡನ್ನೂ ಗುರುತು ಹಿಡಿಯುತ್ತಾರೆ.

ಹೀಗೆ ಹಳೇ ಬಟ್ಟೆಯ ತುಂಡುಗಳಲ್ಲಿ ಮನುಷ್ಯರನ್ನು ಉಳಿಸಿಕೊಂಡವರು ಬೇರೆ ಕಡೆಯೂ ಇದ್ದಾರೆ. ನಾನೀಗ ಹೇಳಹೊರಟಿರುವುದು ದಕ್ಷಿಣ ಅಮೆರಿಕದ ಚಿಲಿ ದೇಶದ ಹೆಂಗಸರ ಕಥೆ. ಅವರು ಹೊಲಿದ ತುಂಡುಗಳಲ್ಲಿ ಕೆಲವು, ಮನೆಯಿಂದ ಹೋಗಿ ಮತ್ತೆ ಬಾರದವರ ಅಂಗಿಗಳಾಗಿದ್ದವು.

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ದಂಗೆ ಎದ್ದಿತು. ರಾಜಧಾನಿ ಸಾಂಟಿಯಾಗೊದಲ್ಲಿ ಅಧ್ಯಕ್ಷರ ಭವನ ಲಾ ಮೊನೆಡಾ ಮೇಲೆ ಆ ದೇಶದ ವಾಯುಪಡೆಯ ವಿಮಾನಗಳೇ ಬಾಂಬು ಹಾಕಿದವು. ಜನ ಆರಿಸಿದ್ದ ಸಮಾಜವಾದಿ ಅಧ್ಯಕ್ಷ ಸಾಲ್ವಡಾರ್ ಅಯೆಂದೆ ಅಂದೇ ತೀರಿಕೊಂಡರು. ಜನರಲ್ ಅಗಸ್ಟೊ ಪಿನೋಚೆಯ ಕೈಗೆ ಹೋದ ಅಧಿಕಾರ ಜನರಿಗೆ ವಾಪಸ್ ಸಿಗೋದಕ್ಕೆ 1990 ಬರಬೇಕಾಯಿತು.

ಎಡಪಕ್ಷಗಳ ಕಾರ್ಯಕರ್ತರು, ಯೂನಿಯನ್ ಮುಖಂಡರು, ರೈತರು, ವಿದ್ಯಾರ್ಥಿಗಳು ಕಾಣೆಯಾಗತೊಡಗಿದರು. ಗಂಡನನ್ನೋ ಮಗನನ್ನೋ ಎತ್ತಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡವರು ಹೋಗಿ ಕೇಳಿದರೆ, ಆ ಹೆಸರಿನವರು ಯಾರೂ ನಮ್ಮ ಹತ್ತಿರ ಇಲ್ಲ ಎಂಬ ಉತ್ತರ. ಕೋರ್ಟುಗಳಿಗೆ ಸಾವಿರಗಟ್ಟಲೆ ಹೇಬಿಯಸ್ ಕಾರ್ಪಸ್ ಅರ್ಜಿಗಳು ಬಂದವು. ಹೆಚ್ಚುಕಮ್ಮಿ ಎಲ್ಲವೂ ತಿರಸ್ಕೃತ. ಕಡತದಲ್ಲಿ ಬಂಧನವೇ ಆಗಿಲ್ಲ ಅಂದಮೇಲೆ ಬಿಡುಗಡೆ ಎಲ್ಲಿಂದ ಬರಬೇಕು?

1975ರ ಜುಲೈನಲ್ಲಿ ಇನ್ನೂ ಕ್ರೂರವಾದ ಒಂದು ಸಂಗತಿ ನಡೆಯಿತು. ಕಾಣೆಯಾದ 119 ಮಂದಿಯ ಹೆಸರುಗಳು ಪತ್ರಿಕೆಗಳಲ್ಲಿ ಬಂದವು. ಇವರೆಲ್ಲ ವಿದೇಶಕ್ಕೆ ಓಡಿಹೋಗಿ, ಅಲ್ಲಿ ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತಿದ್ದಾರೆ ಅಂತ ಸುದ್ದಿ. ಅದು ಚಿಲಿಯ ಗುಪ್ತ ಪೊಲೀಸರು ‘ಆಪರೇಷನ್ ಕೊಲೊಂಬೊ’ ಎಂಬ ಹೆಸರಿನಲ್ಲಿ ಕಟ್ಟಿದ ಕಥೆ. ಅಚ್ಚಾದ ಅಕ್ಷರ, ದಪ್ಪ ತಲೆಬರಹ, ಎಲ್ಲ ಇತ್ತು. ನಿಜ ಮಾತ್ರ ಇರಲಿಲ್ಲ.

ಕಾಗದವೆಲ್ಲ ಸರ್ಕಾರದ ಕೈಲಿತ್ತು. ಹೆಂಗಸರ ಕೈಲಿದ್ದದ್ದು ಸೂಜಿ.

ದಂಗೆಯಾದ ಮರುತಿಂಗಳೇ ಕ್ಯಾಥೊಲಿಕ್, ಲೂಥರನ್, ಮೆಥಡಿಸ್ಟ್ ಚರ್ಚುಗಳು ಮತ್ತು ಯಹೂದಿ ಸಮುದಾಯದ ಮುಖಂಡರು ಒಟ್ಟಾಗಿ ಒಂದು ಶಾಂತಿ ಸಮಿತಿ ಮಾಡಿಕೊಂಡಿದ್ದರು. ಬಂಧಿತರ ಮನೆಯವರಿಗೆ ವಕೀಲರ ನೆರವು, ಹಸಿದವರಿಗೆ ಊಟ ಅದರ ಕೆಲಸ. ಪಿನೋಚೆಯ ಒತ್ತಡದಿಂದ 1975ರ ಕೊನೆಗೆ ಸಮಿತಿ ಮುಚ್ಚಿತು. ಆಗ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್, 1976ರ ಜನವರಿಯಲ್ಲಿ ಚರ್ಚಿನ ಆಡಳಿತದ ಒಳಗೇ ‘ವಿಕಾರಿಯಾ ದೆ ಲಾ ಸೊಲಿದಾರಿದಾದ್’ ಎಂಬ ಹೊಸ ಸಂಸ್ಥೆ ತೆರೆದು ಅದೇ ಕೆಲಸ ಮುಂದುವರಿಸಿದರು. ಈ ಎರಡು ಸಂಸ್ಥೆಗಳ ಆಸರೆಯಲ್ಲಿ ಹೊಲಿಗೆಯ ಗುಂಪುಗಳು ಬೆಳೆದವು.

ಬಂದವರಲ್ಲಿ ಎರಡು ಬಗೆ. ಕಾಣೆಯಾದವರ ತಾಯಿ, ಹೆಂಡತಿ, ಅಕ್ಕತಂಗಿಯರು ಒಂದು ಕಡೆ. ಫ್ಯಾಕ್ಟರಿಗಳು ಮುಚ್ಚಿ ಗಂಡಂದಿರ ಕೆಲಸ ಹೋದ ಕೊಳೆಗೇರಿಯ ಹೆಂಗಸರು ಇನ್ನೊಂದು ಕಡೆ. ಇವರಲ್ಲಿ ಯಾರೂ ಕಲೆ ಮಾಡಬೇಕು ಅಂತ ಬಂದವರಲ್ಲ. ಮಕ್ಕಳಿಗೆ ಬ್ರೆಡ್ ತರಲು ನಾಲ್ಕು ಕಾಸು ಬೇಕಿತ್ತು. ಸುಮ್ಮನೆ ಕೂತರೆ ತಲೆ ಕೆಡುತ್ತಿತ್ತು.

ಅವರು ಹೊಲಿದ ಬಟ್ಟೆಗೆ ‘ಆರ್ಪಿಯೇರಾ’ ಅಂತ ಹೆಸರು. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಗೋಣಿ ಬಟ್ಟೆ. ಗೋಣಿಯ ಮೇಲೆ ಚಿತ್ರ ಮಾಡುವುದು ಅಲ್ಲಿ ಹೊಸದಲ್ಲ. ಚಿಲಿಯ ಹೆಸರಾಂತ ಹಾಡುಗಾರ್ತಿ ವಿಯೊಲೆತಾ ಪಾರಾ ಉಲ್ಲನ್ ದಾರದಿಂದ ಹೊಲಿದ ಇಂಥ ಚಿತ್ರಗಳು 1964ರಲ್ಲೇ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಪ್ರದರ್ಶನಗೊಂಡಿದ್ದವು. ಆದರೆ ಈ ಹೆಂಗಸರ ಹತ್ತಿರ ಇದ್ದದ್ದು ಬರೀ ಚಿಂದಿ. ಗೋಧಿಯದೋ ಹಿಟ್ಟಿನದೋ ಖಾಲಿ ಚೀಲ ಬಿಚ್ಚಿ ಕತ್ತರಿಸುವುದು, ಅದರ ಮೇಲೆ ತುಂಡು ಬಟ್ಟೆಗಳನ್ನು ತೇಪೆ ಹಾಕಿ ಚಿತ್ರ ಕೂರಿಸುವುದು, ಸಣ್ಣ ಸಣ್ಣ ಬಟ್ಟೆ ಗೊಂಬೆಗಳನ್ನು ಅಂಟಿಸಿದ ಹಾಗೆ ಹೊಲಿಯುವುದು. ಕೆಲವರು ಗೊಂಬೆಗೆ ತಮ್ಮದೇ ಕೂದಲು ಇಟ್ಟರು. ಕೆಲವರು ಕಾಣೆಯಾದವನ ಶರ್ಟನ್ನೇ ಕತ್ತರಿಸಿದರು. ಗಂಡನ ಶರ್ಟಿಗೆ ಕತ್ತರಿ ಹಾಕುವುದು ಅಂದರೆ ಏನು ಅಂತ ಯೋಚಿಸಿ ನೋಡಿ. ಅವನು ವಾಪಸ್ ಬಂದರೆ ಹಾಕಿಕೊಳ್ಳಲಿ ಅಂತ ಮಡಚಿಟ್ಟಿದ್ದ ಶರ್ಟು ಅದು.

ದೂರದಿಂದ ನೋಡಿದರೆ ಆರ್ಪಿಯೇರಾ ಮಕ್ಕಳ ಪುಸ್ತಕದ ಚಿತ್ರದ ಹಾಗಿರುತ್ತದೆ. ಮೇಲೆ ಆಂಡಿಸ್ ಪರ್ವತದ ಸಾಲು, ಹಳದಿ ಸೂರ್ಯ, ಬಣ್ಣಬಣ್ಣದ ಮನೆಗಳು. ಹತ್ತಿರ ಹೋದರೆ ಬೇರೆಯದೇ ಕಾಣುತ್ತದೆ. ಬಾಗಿಲು ಮುಚ್ಚಿದ ಫ್ಯಾಕ್ಟರಿ. ಕೇರಿಯ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅಡುಗೆ. ಒಬ್ಬನನ್ನು ಎಳೆದುಕೊಂಡು ಹೋಗುತ್ತಿರುವ ಪೊಲೀಸರು. ಫೋಟೊ ಹಿಡಿದು ಸಾಲಾಗಿ ನಿಂತ ಹೆಂಗಸರು, ಅವರ ಮೇಲೆ ದಾರದಲ್ಲಿ ಬರೆದ ಎರಡೇ ಪದ: ಅವರು ಎಲ್ಲಿ?

ಎಷ್ಟೋ ಆರ್ಪಿಯೇರಾಗಳ ಬೆನ್ನಿಗೆ ಒಂದು ಪುಟ್ಟ ಜೇಬು. ಅದರೊಳಗೆ ಚಿತ್ರದ ಅರ್ಥ ಬರೆದ ಚೀಟಿ. ವಿಕಾರಿಯಾ ಈ ಬಟ್ಟೆಗಳನ್ನು ಕೊಂಡು ವಿದೇಶಗಳಿಗೆ ಸಾಗಿಸುತ್ತಿತ್ತು. ದೇಶ ಬಿಟ್ಟು ಹೋದ ಚಿಲಿಯನ್ನರು, ಮಾನವ ಹಕ್ಕುಗಳ ಸಂಘಟನೆಗಳು ಅವನ್ನು ಯುರೋಪು, ಉತ್ತರ ಅಮೆರಿಕಗಳಲ್ಲಿ ಮಾರಿದವು. ಚಿಲಿಯಲ್ಲಿ ಏನಾಗುತ್ತಿದೆ ಅನ್ನೋ ಸುದ್ದಿ ಹೀಗೆ ಹೊರದೇಶದ ಮನೆಗಳ ಗೋಡೆ ಸೇರಿತು. ಬಂದ ಹಣ ಸಾಂಟಿಯಾಗೊದ ಒಲೆ ಉರಿಸಿತು.

ಇಷ್ಟೆಲ್ಲ ನಡೆಯುವಾಗ ಸೈನಿಕ ಸರ್ಕಾರ ಸುಮ್ಮನಿದ್ದದ್ದು ಯಾಕೆ? ಮೊದಮೊದಲು ಅದಕ್ಕೆ ಇದು ಕಾಣಲೇ ಇಲ್ಲ. ಪತ್ರಿಕೆಗೆ ಸೆನ್ಸಾರ್ ಇತ್ತು, ಸಭೆಗೆ ನಿಷೇಧವಿತ್ತು. ಬಡ ಹೆಂಗಸರು ಚರ್ಚಿನಲ್ಲಿ ಕೂತು ಹೊಲಿದರೆ ಯಾರಿಗೆ ಏನು ಅನುಮಾನ? ಹೊಲಿಗೆ ಅಂದರೆ ಹೆಂಗಸರ ಹೊತ್ತು ಕಳೆಯೋ ಕೆಲಸ ಎಂಬ ತಾತ್ಸಾರವೇ ಅವರಿಗೆ ರಕ್ಷೆಯಾಯಿತು. ಗೊತ್ತಾದ ಮೇಲೆ ಕಥೆ ಬದಲಾಯಿತು. ಕಸ್ಟಮ್ಸ್‌ನವರು ಪೊಟ್ಟಣಗಳನ್ನು ಹಿಡಿದರು. ಸರ್ಕಾರದ ಪರವಾದ ಪತ್ರಿಕೆ ಇವು ದೇಶದ ಮಾನ ಕಳೆಯುವ ಬಟ್ಟೆಗಳು ಅಂತ ಬರೆಯಿತು. ಅಂದರೆ ಕೊನೆಗೂ ಅವರು ಅದನ್ನು ಓದಿದ್ದರು!

ಬಟ್ಟೆ ಹೇಳಿದ್ದು ನಿಜ ಅಂತ 1978ರಲ್ಲಿ ನೆಲವೇ ಸಾಕ್ಷಿ ಹೇಳಿತು. ಆ ವರ್ಷದ ಕೊನೆಗೆ, ಸಾಂಟಿಯಾಗೊಗೆ ಹತ್ತಿರದ ಲೊಂಕೆನ್ ಎಂಬಲ್ಲಿ ಪಾಳುಬಿದ್ದ ಸುಣ್ಣದ ಗೂಡುಗಳೊಳಗೆ 15 ಮಂದಿಯ ಅವಶೇಷ ಸಿಕ್ಕಿತು. ಅವರೆಲ್ಲ 1973ರ ಅಕ್ಟೋಬರ್‌ನಲ್ಲಿ ಬಂಧಿತರಾಗಿ ಕಾಣೆಯಾದವರು. ಮರುವರ್ಷ ಮನೆಯವರು ಅಂತ್ಯಕ್ರಿಯೆಗೆ ಚರ್ಚಿನಲ್ಲಿ ಕಾಯುತ್ತಾ ಕೂತಿರುವಾಗಲೇ, ಅಧಿಕಾರಿಗಳು ಆ ಮೂಳೆಗಳನ್ನು ಒಯ್ದು ಒಂದೇ ಗುಂಡಿಯಲ್ಲಿ ಹೂತುಬಿಟ್ಟರು. ಲೊಂಕೆನ್ ಗೂಡುಗಳೂ ಆರ್ಪಿಯೇರಾ ಸೇರಿದವು. ಅದೇ ರೀತಿ ಸೇರಿದ್ದು ‘ಕ್ವೆಕಾ’. ಅದು ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ಚಿಲಿಯ ನೃತ್ಯ. 1978ರ ಮಹಿಳಾ ದಿನದಂದು ಕಾಣೆಯಾದವರ ಮನೆಯ ಹೆಂಗಸರು ವೇದಿಕೆ ಮೇಲೆ ಅದನ್ನು ಒಬ್ಬಂಟಿಯಾಗಿ ಕುಣಿದರು. ಬಟ್ಟೆಯಲ್ಲೂ ಹಾಗೇ ಹೊಲಿದರು: ಕರವಸ್ತ್ರ ಎತ್ತಿ ಹಿಡಿದ ಒಬ್ಬಳೇ ಹೆಂಗಸು, ಎದುರಿಗೆ ಖಾಲಿ ಜಾಗ.

1988ರ ಅಕ್ಟೋಬರ್ 5ರ ಜನಮತದಲ್ಲಿ ಚಿಲಿಯ ಜನ ಪಿನೋಚೆಗೆ ಬೇಡ ಅಂದರು. ಅದು ಬರೀ ಸೂಜಿದಾರದಿಂದ ಆದದ್ದು ಅಂತ ಹೇಳಿದರೆ ಅತಿಯಾದೀತು. ಆದರೆ ಕಡತಗಳು ಬಾಯಿ ಮುಚ್ಚಿಕೊಂಡಿದ್ದ ಅಷ್ಟೂ ವರ್ಷ ಒಂದು ದಾಖಲೆ ಬರೆಯುತ್ತಾ ಹೋದದ್ದು ಈ ಹೆಂಗಸರು. 2010ರಲ್ಲಿ ಸಾಂಟಿಯಾಗೊದಲ್ಲಿ ತೆರೆದ ನೆನಪು ಮತ್ತು ಮಾನವ ಹಕ್ಕುಗಳ ವಸ್ತುಸಂಗ್ರಹಾಲಯದಲ್ಲಿ ಇವತ್ತು ಆ ಬಟ್ಟೆಗಳಿವೆ. ಪ್ರವಾಸಿಗರ ಅಂಗಡಿಗಳಲ್ಲೂ ಆರ್ಪಿಯೇರಾ ಸಿಗುತ್ತದೆ. ಅವುಗಳಲ್ಲಿ ಬೆಟ್ಟ, ಸೂರ್ಯ, ಮಾರುಕಟ್ಟೆ ಇರುತ್ತವೆ, ಪೊಲೀಸರು ಇರೋದಿಲ್ಲ.

ದಂಗೆಗೆ 50 ವರ್ಷ ತುಂಬಿದ 2023ರಲ್ಲಿ ಚಿಲಿ ಸರ್ಕಾರ, ಕಾಣೆಯಾದವರನ್ನು ಹುಡುಕಲು ರಾಷ್ಟ್ರೀಯ ಯೋಜನೆಯೊಂದನ್ನು ಪ್ರಕಟಿಸಿತು. 1,000ಕ್ಕೂ ಹೆಚ್ಚು ಮಂದಿ ಏನಾದರು ಅನ್ನೋದು ಇನ್ನೂ ಗೊತ್ತಾಗಿಲ್ಲ. ಹೊಲಿದ ಎಷ್ಟೋ ತಾಯಂದಿರು ಉತ್ತರ ಸಿಗದೆಯೇ ತೀರಿಹೋದರು. ಅವರು ಗೋಣಿ ಬಟ್ಟೆಯ ಮೇಲೆ ಹೊಲಿದಿಟ್ಟ ಪ್ರಶ್ನೆ ಮಾತ್ರ ಅರ್ಧ ಶತಮಾನದ ನಂತರ ಸರ್ಕಾರದ ಕಾಗದ ಸೇರಿದೆ.