ವಿದೇಶಿ ನೆರವು: ತೆರಿಗೆದಾರರ ಹಣ ಗಡಿ ದಾಟಬೇಕೆ?

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ವಿದೇಶಿ ನೆರವಿನ ಮಾತು ಬಂದಾಗಲೆಲ್ಲ ಕೇಳಿಬರುತ್ತದೆ. ಸ್ವದೇಶದಲ್ಲಿಯೇ ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆ ಹಣ ಸಾಲದಿರುವಾಗ ಅನ್ಯರ ಅಣೆಕಟ್ಟಿಗೆ ನಮ್ಮ ತೆರಿಗೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಮುನ್ನ ಆ ನೆರವು ಎಷ್ಟು, ಯಾವ ಬಗೆಯದು, ಅದರ ಫಲವೇನು ಎಂಬುದನ್ನು ಅರಿಯಬೇಕು.

ಪಡೆದವರು ಕೊಡುವವರಾದದ್ದು

1954ರ ಪಿಎಲ್-480 ಕಾಯ್ದೆಯಡಿ ಬಂದ ಅಮೆರಿಕದ ಗೋಧಿಯನ್ನು ಭಾರತ ವರ್ಷಗಟ್ಟಲೆ ನೆಚ್ಚಿಕೊಂಡಿತ್ತು. ಆದರೂ 1964ರಲ್ಲಿಯೇ ಅಭಿವೃದ್ಧಿಶೀಲ ರಾಷ್ಟ್ರಗಳವರಿಗೆ ತರಬೇತಿ ನೀಡುವ ‘ಐಟೆಕ್’ ಕಾರ್ಯಕ್ರಮವನ್ನು ಆರಂಭಿಸಿತು. 2004ರ ಸುನಾಮಿಯಲ್ಲಿ ತಾನೇ ಸಂತ್ರಸ್ತವಾಗಿದ್ದರೂ ಶ್ರೀಲಂಕಾ, ಮಾಲ್ಡೀವ್ಸ್ ಹಾಗೂ ಇಂಡೋನೇಷ್ಯಾಗಳಿಗೆ ನೌಕಾಪಡೆಯ ಹಡಗುಗಳಲ್ಲಿ ಪರಿಹಾರ ಕಳುಹಿಸಿತು.

ಎಷ್ಟು, ಹೇಗೆ?

2025-26ರ ಕೇಂದ್ರ ಮುಂಗಡಪತ್ರದ ಗಾತ್ರ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ವಿದೇಶಾಂಗ ಸಚಿವಾಲಯದ ಮೂಲಕ ಇತರ ರಾಷ್ಟ್ರಗಳ ನೆರವಿಗೆಂದು ಮೀಸಲಿಟ್ಟದ್ದು ಸುಮಾರು 5,500 ಕೋಟಿ. ಅಂದರೆ ಸರ್ಕಾರ ವೆಚ್ಚ ಮಾಡುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 11 ಪೈಸೆ. ಭೂತಾನ್ ಒಂದಕ್ಕೇ 2,150 ಕೋಟಿ. ಇದಲ್ಲದೆ ಎಕ್ಸಿಮ್ ಬ್ಯಾಂಕ್ ಮೂಲಕ ನೀಡುವ ರಿಯಾಯಿತಿ ಸಾಲಗಳಿವೆ. ಅವು ಮರುಪಾವತಿಯಾಗಬೇಕಾದ ಹಣ. ಬಹುಪಾಲು ಸರಕು ಮತ್ತು ಸೇವೆಗಳನ್ನು ಭಾರತದಿಂದಲೇ ಖರೀದಿಸಬೇಕೆಂಬುದು ಅವುಗಳ ಸಾಮಾನ್ಯ ಷರತ್ತು.

ಎರಡು ಅನುಭವಗಳು

ಭೂತಾನಿನ 336 ಮೆಗಾವಾಟ್ ಸಾಮರ್ಥ್ಯದ ಚುಖಾ ಜಲವಿದ್ಯುತ್ ಯೋಜನೆಗೆ ಭಾರತ ಶೇ 60ರಷ್ಟನ್ನು ಅನುದಾನವಾಗಿ, ಶೇ 40ರಷ್ಟನ್ನು ಸಾಲವಾಗಿ ನೀಡಿತು. 1,020 ಮೆಗಾವಾಟ್‌ನ ತಾಲಾ ಯೋಜನೆಗೂ ಅದೇ ಪ್ರಮಾಣ. ಅಲ್ಲಿನ ಹೆಚ್ಚುವರಿ ವಿದ್ಯುತ್ತನ್ನು ಭಾರತ ಕೊಳ್ಳುತ್ತದೆ. ಆ ಮಾರಾಟವೇ ಭೂತಾನ್ ಸರ್ಕಾರದ ಪ್ರಮುಖ ಆದಾಯಗಳಲ್ಲೊಂದು. ಇಲ್ಲಿ ಕೊಟ್ಟವರಿಗೂ ಪಡೆದವರಿಗೂ ಲಾಭ.

ಅಫ್ಘಾನಿಸ್ತಾನದ ಕಥೆ ಬೇರೆ. ಕಾಬೂಲಿನಲ್ಲಿ ಭಾರತ ನಿರ್ಮಿಸಿಕೊಟ್ಟ ಸಂಸತ್ ಭವನ 2015ರ ಡಿಸೆಂಬರ್‌ನಲ್ಲಿ, ಹೆರಾತ್ ಪ್ರಾಂತ್ಯದ ಸಲ್ಮಾ ಅಣೆಕಟ್ಟು 2016ರ ಜೂನ್‌ನಲ್ಲಿ ಉದ್ಘಾಟನೆಯಾದವು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರ ಹಿಡಿಯಿತು. ಅಣೆಕಟ್ಟು ಯಾರ ಆಳ್ವಿಕೆಯಲ್ಲಿಯೂ ನೀರು ಹಿಡಿದಿಡಬಲ್ಲದು. ಚುನಾಯಿತ ಸಂಸತ್ತೇ ಇಲ್ಲದ ಸಂಸತ್ ಭವನ ಬರಿಯ ಕಟ್ಟಡ.

ಹಿಂದೆ ಸರಿಯುತ್ತಿರುವ ಶ್ರೀಮಂತರು

ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಉತ್ಪನ್ನದ ಶೇ 0.7ರಷ್ಟನ್ನು ನೆರವಿಗೆ ಮೀಸಲಿಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ನಿಗದಿಪಡಿಸಿತು. ಬ್ರಿಟನ್ 2015ರಲ್ಲಿ ಅದನ್ನು ಕಾನೂನಾಗಿಸಿ, 2021ರಲ್ಲಿ ಶೇ 0.5ಕ್ಕೆ ಇಳಿಸಿತು, 2027ರ ವೇಳೆಗೆ ಶೇ 0.3ಕ್ಕೆ ತಗ್ಗಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಅಮೆರಿಕವು 1961ರಲ್ಲಿ ಸ್ಥಾಪಿಸಿದ್ದ ಯುಎಸ್‌ಏಡ್ ಸಂಸ್ಥೆಯ ಬಾಗಿಲನ್ನು 2025ರ ಜುಲೈನಲ್ಲಿ ಮುಚ್ಚಿತು. ಆ ವರ್ಷ ನೆರವು ಏಕಾಏಕಿ ನಿಂತಾಗ ಆಫ್ರಿಕಾದ ಹಲವೆಡೆ ಎಚ್‌ಐವಿ ಚಿಕಿತ್ಸಾ ಕೇಂದ್ರಗಳು ಸ್ಥಗಿತಗೊಂಡವು. ದಾನಿಯ ಪಾಲಿಗೆ ಉಳಿತಾಯವೆನಿಸಿದ್ದು ರೋಗಿಯ ಪಾಲಿಗೆ ತಪ್ಪಿದ ಔಷಧವಾಯಿತು.

ಲೆಕ್ಕ ಕೇಳುವ ಹಕ್ಕು

11 ಪೈಸೆ ಉಳಿಸಿದರೆ ದೇಶದ ಬಡತನ ನೀಗದು. ಹಾಗೆಂದು ಆ ಹಣದ ಲೆಕ್ಕ ಕೇಳಬಾರದೆಂದಲ್ಲ. ವಿದೇಶಾಂಗ ಸಚಿವಾಲಯದ ಬೇಡಿಕೆಗಳಿಗೆ ಲೋಕಸಭೆಯ ಒಪ್ಪಿಗೆ ಅಗತ್ಯ; ಆದರೆ ಬಹುತೇಕ ಸಚಿವಾಲಯಗಳ ಬೇಡಿಕೆಗಳು ಪ್ರತಿವರ್ಷ ಚರ್ಚೆಯಿಲ್ಲದೆಯೇ ಒಟ್ಟಾಗಿ ಅಂಗೀಕಾರವಾಗುತ್ತವೆ. ವಿಪತ್ತಿನಲ್ಲಿ ನೆರೆಯವರಿಗೆ ಕೈನೀಡುವಾಗ ಪ್ರತಿಫಲ ಎಣಿಸಬೇಕಿಲ್ಲ. ಅಣೆಕಟ್ಟು, ರಸ್ತೆ, ಕಟ್ಟಡಗಳಿಗೆ ಕೊಡುವಾಗ ಮಾತ್ರ ಯಾವ ಯೋಜನೆಗೆ ಎಷ್ಟು, ಎಂದು ಮುಗಿಯುತ್ತದೆ, ಯಾರಿಗೆ ಉಪಯೋಗ ಎಂಬ ವಿವರ ಜನರ ಮುಂದಿರಬೇಕು. ನೆರವು ಬೇಕೇ ಬೇಡವೇ ಎಂಬ ವಾದಕ್ಕಿಂತ ಈ ವಿವರವನ್ನು ಕೇಳುವುದೇ ತೆರಿಗೆದಾರರಿಗೆ ಹೆಚ್ಚು ಪ್ರಯೋಜನಕಾರಿ.